ಮಿಲ್ಕ್‌ಶೇಕ್ ಕುಡಿದವರು, ಲೋಟ ಮುಟ್ಟಬಾರದವರು



ಉದ್ದದ ಪೋಸ್ಟು ಇದು. ಒಂದು ಅಮೆರಿಕನ್ ಸಿನಿಮಾ, ಅದನ್ನ ನೋಡಿದ ಜನ ಅದಕ್ಕೆ ಹಚ್ಚಿರೋ ತಮಾಷೆ ಅರ್ಥಗಳು, ಇವುಗಳ ಬಗ್ಗೆ. ಕತೆಯ ಕೊನೆಯನ್ನೂ ಹೇಳಿಬಿಡ್ತೀನಿ. ಇನ್ನೂ ನೋಡಬೇಕು ಅನ್ನೋರು ನೋಡ್ಕೊಂಡು ಬಂದು ಓದಿ, ಆಮೇಲೆ ಕಾಮೆಂಟಲ್ಲಿ ಬೈಬೇಡಿ.

ಸಿನಿಮಾ ಹೆಸರು 'ದೇರ್ ವಿಲ್ ಬಿ ಬ್ಲಡ್'. 2007ರದ್ದು. ಪಾಲ್ ಥಾಮಸ್ ಆಂಡರ್ಸನ್ ನಿರ್ದೇಶನ. ಡೇನಿಯಲ್ ಡೇ-ಲೂಯಿಸ್‌ಗೆ ಇದರಲ್ಲಿ ಆಸ್ಕರ್ ಬಂತು. 1898ರಲ್ಲಿ ಒಬ್ಬನೇ ಗುಂಡಿ ತೋಡಿಕೊಂಡು ಬೆಳ್ಳಿ ಹುಡುಕ್ತಿದ್ದ ಡೇನಿಯಲ್ ಪ್ಲೇನ್‌ವ್ಯೂ ಅನ್ನೋ ಮನುಷ್ಯ ಹೇಗೆ ಎಣ್ಣೆ ಬಾವಿಗಳ ದೊಡ್ಡ ಧಣಿ ಆದ ಅನ್ನೋದು ಕತೆ. ಶುರುವಿನ ಹೆಚ್ಚುಕಮ್ಮಿ ಕಾಲು ಗಂಟೆ ಮಾತೇ ಇಲ್ಲ. ಗುಂಡಿ, ಸುತ್ತಿಗೆ, ಮುರಿದ ಕಾಲು, ಅಷ್ಟೇ. ಕೊನೆ ಸೀನು 1927ರಲ್ಲಿ, ಅವನ ಅರಮನೆಯಂಥ ಮನೆಯ ಒಳಗಿರೋ ಬೌಲಿಂಗ್ ಆಟದ ಕೋಣೆಯಲ್ಲಿ. ಅವನ ಹಳೇ ಎದುರಾಳಿ, ಊರಿನ ಪ್ರವಾದಿ ಅಂತ ಹೇಳ್ಕೊಂಡು ತಿರುಗೋ ಈಲೈ ಸಂಡೇ, ದುಡ್ಡಿಗೆ ತಾಪತ್ರಯ ಆಗಿ ಬಂದಿರ್ತಾನೆ. 'ಬ್ಯಾಂಡಿ ಅನ್ನೋರ ಜಮೀನು ಒಂದು ಉಳಿದಿದೆಯಲ್ಲ, ಅಲ್ಲಿ ಬಾವಿ ಕೊರೆಸು, ನನಗೂ ಪಾಲು ಕೊಡು' ಅಂತ ವ್ಯವಹಾರ ಮಾತಾಡ್ತಾನೆ. ಆಗ ಡೇನಿಯಲ್ ನಗ್ತಾನೆ. ಅಲ್ಲಿ ಏನೂ ಉಳಿದಿಲ್ಲ ಕಣೋ ಅಂತಾನೆ. ಸುತ್ತಲ ಜಮೀನೆಲ್ಲ ನನ್ನದು, ಸುತ್ತಲಿಂದ ನಾನು ಎಳೆದೆ, ನಡುವಿನ ಜಮೀನಿನ ಕೆಳಗಿದ್ದದ್ದೂ ಬಂದುಬಿಡ್ತು. ಅರ್ಥ ಆಗೋ ಹಾಗೆ ಬಿಡಿಸಿ ಹೇಳ್ತಾನೆ: ನಿನ್ನ ಹತ್ತಿರ ಒಂದು ಮಿಲ್ಕ್‌ಶೇಕ್ ಇದೆ, ನನ್ನ ಹತ್ತಿರ ಒಂದು, ನನ್ನ ಸ್ಟ್ರಾ ಆ ಕೋಣೆ ದಾಟಿ ಬಂದು ನಿನ್ನ ಲೋಟಕ್ಕೆ ಇಳಿಯುತ್ತೆ, ನಿನ್ನ ಮಿಲ್ಕ್‌ಶೇಕು ನಾನು ಕುಡೀತೀನಿ! ಹೀರೋ ಸದ್ದು ಬೇರೆ ಮಾಡಿ ತೋರಿಸ್ತಾನೆ. ಆಮೇಲೆ ಬೌಲಿಂಗ್ ಪಿನ್ನು ತಗೊಂಡು ಈಲೈನ ತಲೆ ಒಡೀತಾನೆ.

ಇಷ್ಟು ಘೋರವಾದ ಸೀನು ಜೋಕಾಗಿಬಿಡ್ತು. ಟೀ ಶರ್ಟ್ ಮೇಲೆ ಬಂತು, ಮಗ್ಗಿನ ಮೇಲೆ ಬಂತು. 2008ರಲ್ಲಿ 'ಸ್ಯಾಟರ್ಡೇ ನೈಟ್ ಲೈವ್' ಅನ್ನೋ ಅಲ್ಲಿನ ಕಾಮಿಡಿ ಶೋನವರು ಡೇನಿಯಲ್ ಪ್ಲೇನ್‌ವ್ಯೂ ಅಡುಗೆ ಚಾನೆಲ್ಲಿಗೆ ಬಂದು ಕಂಡಕಂಡೋರ ಮಿಲ್ಕ್‌ಶೇಕ್ ಕುಡಿಯೋ ಸ್ಕಿಟ್ಟೇ ಮಾಡಿದರು. ಸಿನಿಮಾ ನೋಡದೇ ಇರೋ ಹುಡುಗರಿಗೂ ಆ ಡೈಲಾಗು ಗೊತ್ತು.

ಅಭಿಮಾನಿಗಳು ಅಲ್ಲಿಗೇ ನಿಲ್ಲಲಿಲ್ಲ. ಡೇನಿಯಲ್ ಮನುಷ್ಯನೇ ಅಲ್ಲ, ರಕ್ತ ಹೀರೋ ಡ್ರಾಕುಲಾ, ಟೈಟಲ್ಲಲ್ಲೇ ಬ್ಲಡ್ ಅಂತ ಬರೆದಿದೆ, ಇನ್ನೇನು ಬೇಕು ಅಂತಾರೆ ಕೆಲವರು. ಅವನು ಸಾಕಿಕೊಂಡ ಹುಡುಗನ ಹೆಸರು ಎಚ್.ಡಬ್ಲ್ಯೂ. ಎಣ್ಣೆ ದುಡ್ಡಿನ ಮನೆ, ಎಚ್.ಡಬ್ಲ್ಯೂ., ಸಿನಿಮಾ ಬಂದ ವರ್ಷ ಇರಾಕ್ ಯುದ್ಧ ನಡೀತಿದೆ. ಇದು ಜಾರ್ಜ್ ಎಚ್.ಡಬ್ಲ್ಯೂ. ಬುಷ್ ಅಲ್ಲದೆ ಮತ್ತ್ಯಾರು ಅಂತ ಇನ್ನು ಕೆಲವರು. ಅದೇ ಹುಡುಗ ಬುಟ್ಟಿಯಲ್ಲಿ ಸಿಕ್ಕವನು ಅಂತ ಡೇನಿಯಲ್ ಕೊನೆಗೆ ಹಂಗಿಸ್ತಾನೆ. ಬುಟ್ಟಿ ಅಂದ ಕೂಡಲೇ ಮೋಶೆ ಬಂದ. ಟೈಟಲ್ಲಿನ ಜಾಡು ಹಿಡಿದರೆ ಬೈಬಲ್ಲಿನ ವಿಮೋಚನಕಾಂಡದಲ್ಲಿ ನೈಲ್ ನದಿ ನೀರು ರಕ್ತ ಆಗೋ ಕತೆ ಬಂತು. ರಾತ್ರಿ ಹೊತ್ತು ಉರಿಯೋ ಎಣ್ಣೆ ಬಾವಿ ಬೆಂಕಿಯ ಕಂಬ ಆಯ್ತು. ಸಾಲದ್ದಕ್ಕೆ ಪ್ಲೇನ್‌ವ್ಯೂ ಅನ್ನೋ ಹೆಸರಿನ ಅರ್ಥವೇ 'ಕಣ್ಣಿಗೆ ಸ್ಪಷ್ಟವಾಗಿ ಕಾಣೋದು', ಆದರೆ ಆ ಮನುಷ್ಯ ಏನಂತ ಯಾರಿಗೂ ಕಾಣಲ್ಲ. ಪ್ರವಾದಿಯ ಮನೆತನದ ಹೆಸರು ಸಂಡೇ, ಅಂದ್ರೆ ಭಾನುವಾರ, ಅಂದ್ರೆ ಚರ್ಚು. ಇದಕ್ಕೆ ಸಂಶೋಧನೆ ಬೇಡ ಬಿಡಿ, ನಿರ್ದೇಶಕ ಚಮಚದಲ್ಲಿ ತಿನ್ನಿಸಿದ್ದಾನೆ.

ನಾನು ಇವರನ್ನ ಗೇಲಿ ಮಾಡ್ತಿಲ್ಲ. ನನಗೆ ಇವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಿದೆ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಒಂದು ಮಾತು. ಈ ಮಿಲ್ಕ್‌ಶೇಕ್ ಜೋಕು ಬರೀ ಜೋಕಲ್ಲ, ಅದು ಕಾನೂನು. ಅಮೆರಿಕದಲ್ಲಿ ಅದಕ್ಕೆ 'ರೂಲ್ ಆಫ್ ಕ್ಯಾಪ್ಚರ್' ಅಂತಾರೆ. ನೆಲದ ಕೆಳಗೆ ಎಣ್ಣೆ ಒಂದೇ ಕಡೆ ಕೂತಿರಲ್ಲ, ಒತ್ತಡ ಕಡಿಮೆ ಇರೋ ಕಡೆಗೆ ಹರಿಯುತ್ತೆ. ಮೇಲೆ ನಾವು ಹಾಕಿರೋ ಬಾಂದುಕಲ್ಲು, ಬೇಲಿ, ಸರ್ವೆ ನಂಬರು ಅದಕ್ಕೆ ಗೊತ್ತಾಗಲ್ಲ. ಹಾಗಾಗಿ ಕೋರ್ಟುಗಳು ಹೇಳಿದ್ದೇನು ಅಂದ್ರೆ, ನಿನ್ನ ಜಮೀನಿನಲ್ಲಿ ಬಾವಿ ಕೊರೆದು ಏನು ಮೇಲೆ ತೆಗೀತೀಯೋ ಅದು ನಿನ್ನದು, ಅದು ಪಕ್ಕದವನ ಜಮೀನಿನ ಅಡಿಯಿಂದ ಹರಿದು ಬಂದಿದ್ದರೂ ನಿನ್ನದೇ. ಪಕ್ಕದವನಿಗೆ ಬೇಕಿದ್ದರೆ ಅವನೂ ಕೊರೆಯಲಿ. 1889ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು ನೀರು, ಎಣ್ಣೆ, ಗ್ಯಾಸನ್ನ ಕಾಡುಪ್ರಾಣಿಗೆ ಹೋಲಿಸಿತು. ಕಾಡುಪ್ರಾಣಿ ಬೇಲಿ ದಾಟಿ ಓಡಾಡುತ್ತೆ, ಯಾರ ಜಮೀನಿನಲ್ಲಿ ಸಿಕ್ಕಿಬಿತ್ತೋ ಅವನದ್ದು, ಹಾಗೇ ಇದೂ.

ಈಗ ನನ್ನದೂ ಒಂದು ಥಿಯರಿ ಇದೆ, ಕೇಳಿ. ಡೇನಿಯಲ್ ಮತ್ತು ಆ ಹುಡುಗ ಸಂಡೇ ಕುಟುಂಬದ ಜಮೀನಿಗೆ ಮೊದಲ ಸಲ ಹೋಗೋದು ಹೇಗೆ? ಎಣ್ಣೆ ಹುಡುಕಿಕೊಂಡು ಬಂದ್ವಿ ಅಂತ ಹೇಳಲ್ಲ. ಕ್ವೇಲ್ ಹಕ್ಕಿ ಬೇಟೆಗೆ ಬಂದ್ವಿ ಅಂತಾರೆ. ಕ್ವೇಲ್ ಅಂದ್ರೆ ನಮ್ಮ ಕೌಜುಗದ ಜಾತಿಗೆ ಹತ್ತಿರದ ಪುಟ್ಟ ಹಕ್ಕಿ. (ಜಾತಿ ಅಂದ ಕೂಡಲೇ 'ಶುರುವಾಯ್ತು ನೋಡು ಇವನದ್ದು' ಅನ್ಬೇಡಿ, ಇದು ಹಕ್ಕಿ ವಿಷಯ.) ಎಣ್ಣೆ ಇರೋದು ಗೊತ್ತಾದ ಮೇಲೂ ಬೇಟೆ ಜಮೀನಿಗೆ ಎಷ್ಟು ಕೊಡಬಹುದೋ ಅಷ್ಟನ್ನೇ ಕೊಡೋದು ಅಂತ ಅಪ್ಪ ಮಗ ಮಾತಾಡ್ಕೋತಾರೆ. ಎಲ್ಲರೂ ಇದನ್ನ ಮೋಸ ಅಂತ ನೋಡ್ತಾರೆ. ನಾನು ಹೇಳೋದು, ಅವನು ಅಲ್ಲಿ ಕಾನೂನನ್ನೇ ಪಾಲಿಸ್ತಿದ್ದಾನೆ. ಎಣ್ಣೆ ಕಾಡುಪ್ರಾಣಿ ಅಂತ ಕೋರ್ಟೇ ಹೇಳಿದ ಮೇಲೆ ಅವನು ಬಂದಿದ್ದು ಬೇಟೆಗೇ ತಾನೇ? ಬೇಟೆಗೆ ಬಂದ್ವಿ ಅನ್ನೋ ಆ ಸುಳ್ಳು ಪೂರ್ತಿ ನಿಜ. ಇಪ್ಪತ್ತು ವರ್ಷ ಕಚೇರಿಯಲ್ಲಿ ಫೈಲು ನೋಡಿದವನಿಗೆ ಡ್ರಾಕುಲಾಗಿಂತ ಮೊದಲು ಕಾಣೋದು ಇದು.

ಆ ಬೌಲಿಂಗ್ ಕೋಣೆ ವಿಷಯ ಕೇಳಿದರೆ ಇನ್ನೂ ಮಜಾ ಇದೆ. ಇದು ಅಭಿಮಾನಿಗಳ ಕಲ್ಪನೆಯಲ್ಲ, ದಾಖಲೆ. ಆ ಸೀನು ತೆಗೆದದ್ದು ಬೆವರ್ಲಿ ಹಿಲ್ಸ್‌ನ ಗ್ರೇಸ್ಟೋನ್ ಅನ್ನೋ ಮಹಲಿನಲ್ಲಿ. ಅದನ್ನ ಕಟ್ಟಿಸಿದವನು ಎಡ್ವರ್ಡ್ ಡೊಹೆನಿ, ಮಗನಿಗೋಸ್ಕರ. ಈ ಡೊಹೆನಿಯೂ ಮೊದಲು ಬೆಳ್ಳಿ ಹುಡುಕುತ್ತಾ ಅಲೆದವನು, 1892ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎಣ್ಣೆ ತೆಗೆದು ಕೋಟ್ಯಧಿಪತಿ ಆದವನು. ನೌಕಾಪಡೆಗೆ ಅಂತ ಮೀಸಲಿಟ್ಟಿದ್ದ ಎಲ್ಕ್ ಹಿಲ್ಸ್‌ನ ಎಣ್ಣೆ ಭೂಮಿಯನ್ನ ಗುತ್ತಿಗೆಗೆ ಪಡೆದ. ಆ ಗುತ್ತಿಗೆಗೆ ಸರ್ಕಾರದ ಕಡೆಯಿಂದ ಕೊಟ್ಟ ಕಾರಣ ಏನು ಗೊತ್ತಾ? ಅಕ್ಕಪಕ್ಕದ ಖಾಸಗಿ ಬಾವಿಗಳು ಸರ್ಕಾರದ ಎಣ್ಣೆಯನ್ನ ಹೀರಿಬಿಡ್ತಿವೆ, ಅದಕ್ಕೆ ಮುಂಚೆ ನಾವೇ ಯಾರಿಗಾದರೂ ಕೊಟ್ಟು ತೆಗೆಸೋಣ ಅಂತ. ಅದೇ ಮಿಲ್ಕ್‌ಶೇಕು! ಆ ಸಮಯದಲ್ಲೇ ಒಳನಾಡು ಖಾತೆಯ ಮಂತ್ರಿ ಆಲ್ಬರ್ಟ್ ಫಾಲ್‌ಗೆ ಡೊಹೆನಿಯ ಮಗ ಒಂದು ಚೀಲದಲ್ಲಿ ಒಂದು ಲಕ್ಷ ಡಾಲರ್ ತಗೊಂಡು ಹೋಗಿ ಕೊಟ್ಟ. ಸಾಲ ಅಂದರು. ಟೀಪಾಟ್ ಡೋಮ್ ಹಗರಣ ಅಂತ ದೊಡ್ಡ ರಾಮಾಯಣ ಆಯ್ತು. 1929ರಲ್ಲಿ ಫಾಲ್‌ಗೆ ಲಂಚ ತಗೊಂಡ ಅಂತ ಶಿಕ್ಷೆ ಆಯ್ತು. 1930ರಲ್ಲಿ ಡೊಹೆನಿ ಲಂಚ ಕೊಟ್ಟಿಲ್ಲ ಅಂತ ಖುಲಾಸೆ ಆದ.

ಇನ್ನೊಂದು ಸಲ ಓದಿ. ತಗೊಂಡವನು ಲಂಚ ತಗೊಂಡ. ಕೊಟ್ಟವನು ಲಂಚ ಕೊಡಲಿಲ್ಲ. ಅದೇ ದುಡ್ಡು, ಅದೇ ಚೀಲ.

ಮಿಲ್ಕ್‌ಶೇಕ್ ಮಾತು ತನಗೆ ಸಿಕ್ಕಿದ್ದು ಆ ಹಗರಣದ ವಿಚಾರಣೆಯ ದಾಖಲೆಗಳಲ್ಲಿ ಅಂತ ನಿರ್ದೇಶಕನೇ ಹೇಳ್ಕೊಂಡಿದ್ದಾನೆ. ಆಮೇಲೆ ಅದೇ ಡೊಹೆನಿಯ ಮಹಲಿಗೆ ಹೋಗಿ, ಅಲ್ಲಿನ ಬೌಲಿಂಗ್ ಕೋಣೆಯನ್ನ ರಿಪೇರಿ ಮಾಡಿಸಿ, ಅಲ್ಲೇ ಆ ಡೈಲಾಗು ಹೇಳಿಸಿದ. ಸಂಕೇತ ಹುಡುಕೋರು ಸುಮ್ಮನೆ ಲೋಟದ ಒಳಗೆ ನೋಡ್ತಾರೆ, ಕಟ್ಟಡವೇ ಮಾತಾಡ್ತಿದೆ.

ಈ ಸಿನಿಮಾವನ್ನ ನಮ್ಮ ಸ್ಟಡಿ ಸರ್ಕಲ್ ಹುಡುಗರಿಗೆ ಹಾಕಿ ತೋರಿಸಿದ್ವಿ. ಎರಡೂವರೆ ಗಂಟೆ ಮೇಲಿದೆ, ಹುಡುಗರು ಎದ್ದು ಹೋಗ್ತಾರೆ ಅನ್ಕೊಂಡಿದ್ದೆ. ಹೋಗಲಿಲ್ಲ. ಕೋಲಾರದ ಕಡೆ ಹುಡುಗರು ನೋಡಿ, ನೆಲಕ್ಕೆ ತೂತು ಕೊರೆಯೋದು ಅಂದ್ರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಾವಿ ಶುರು ಮಾಡೋ ದಿನ ಈಲೈ ಬಂದು ನಾನು ಆಶೀರ್ವಾದ ಮಾಡ್ತೀನಿ ಅಂತಾನಲ್ಲ, ಡೇನಿಯಲ್ ಆಯ್ತು ಅಂದು ಕೊನೇ ಗಳಿಗೆಯಲ್ಲಿ ಅವನನ್ನ ಪಕ್ಕಕ್ಕಿಟ್ಟು ತಾನೇ ಪೂಜೆ ಮುಗಿಸಿಬಿಡ್ತಾನಲ್ಲ, ಆ ಸೀನಿಗೆ ಹುಡುಗರು ಬಿದ್ದು ಬಿದ್ದು ನಕ್ಕರು. 'ಅಣ್ಣ, ಬೋರ್ ಲಾರಿ ಮುಂದೆ ತೆಂಗಿನಕಾಯಿ ಒಡೆಯೋಕೆ ಬಂದವರನ್ನ ವಾಪಸ್ ಕಳಿಸಿದ ಹಾಗಾಯ್ತು' ಅಂದ ಒಬ್ಬ. ಆಮೇಲೆ ಕೆಲಸಗಾರ ಸಾಯ್ತಾನೆ, ಬಾವಿಗೆ ಬೆಂಕಿ ಬೀಳುತ್ತೆ, ಹುಡುಗನ ಕಿವಿ ಹೋಗುತ್ತೆ. ಅದು ಪ್ರವಾದಿಯ ಶಾಪ ಅಂತ ವಾದ ಮಾಡೋ ಅಭಿಮಾನಿಗಳು ಅಮೆರಿಕದಲ್ಲೂ ಇದ್ದಾರೆ. ನಮ್ಮಲ್ಲಿ ಬೋರು ಫೇಲಾದರೆ ಪೂಜೆ ಸರಿಯಾಗಲಿಲ್ಲ ಅನ್ನೋರು ಇಲ್ವಾ, ಹಾಗೆ.

ನಮ್ಮ ಚಿಕ್ಕಪ್ಪ ಒಬ್ಬರು ಅವತ್ತು ಬಂದಿದ್ದರು. ಅವರಿಗೆ ಎರಡು ಎಕರೆ ಗ್ರಾಂಟ್ ಜಮೀನು. ಗಂಗಾ ಕಲ್ಯಾಣದಲ್ಲಿ ಬೋರು ಕೊರೆಸಿ ಒಂದೂವರೆ ಇಂಚು ನೀರು ಬಿದ್ದಿತ್ತು, ಮೂರು ವರ್ಷ ಟೊಮೇಟೊ ಬೆಳೆದರು. ಪಕ್ಕದ ಜಮೀನಿನವರು (ಹೆಸರು ಬೇಡ) ಸಾಲಾಗಿ ಮೂರು ಬೋರು ಕೊರೆಸಿದರು, ಸಾವಿರದ ಮುನ್ನೂರು ಅಡಿ. ಆ ಬೇಸಿಗೆ ದಾಟೋದ್ರೊಳಗೆ ಚಿಕ್ಕಪ್ಪನ ಮೋಟಾರು ಗಾಳಿ ಎಳೆಯೋಕೆ ಶುರು ಮಾಡ್ತು. ಇವರಿಗೆ ಇಂಗ್ಲಿಷ್ ಬರಲ್ಲ, ಸಿನಿಮಾ ಪೂರ್ತಿ ಸುಮ್ಮನೆ ಕೂತಿದ್ದರು. ಮಿಲ್ಕ್‌ಶೇಕ್ ಸೀನು ಬಂದಾಗ 'ಏನಂತಾನೋ ಮಗ ಅವನು?' ಅಂದರು. ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು, 'ಹಂಗಾದ್ರೆ ಇದೇನೂ ಕತೆ ಅಲ್ವಲ್ಲೋ, ನಡೆದಿದ್ದೇ ತಾನೆ?' ಅಂದರು. 'ಅಲ್ಲ ಚಿಕ್ಕಪ್ಪ, ಎಣ್ಣೆದು' ಅಂದೆ. 'ಯಾವ್ದಾದ್ರೇನು, ಪೈಪು ಪೈಪೇ' ಅಂದರು.

ಚಿಕ್ಕಪ್ಪ ಹೇಳಿದ್ದು ಕಾನೂನಿನ ಪ್ರಕಾರವೂ ಸರಿ. ಅಮೆರಿಕದ ಎಣ್ಣೆ ಕಾನೂನಿನ ಬೇರು ಇಂಗ್ಲೆಂಡಿನ ನೀರಿನ ಕಾನೂನಿನಲ್ಲಿದೆ. 1843ರಲ್ಲಿ ಅಲ್ಲಿ ಒಬ್ಬ ಕಲ್ಲಿದ್ದಲು ಗಣಿ ತೋಡಿದ್ದಕ್ಕೆ ಪಕ್ಕದವನ ಬಾವಿ ಬತ್ತಿಹೋಯ್ತು, ಪರಿಹಾರ ಇಲ್ಲ ಅಂತು ಕೋರ್ಟು. ನೆಲದ ಒಡೆಯ ನೆಲದಡಿಯ ನೀರಿಗೂ ಒಡೆಯ ಅನ್ನೋ ಅದೇ ಮಾತನ್ನ ಬ್ರಿಟಿಷರು ಇಲ್ಲಿಗೂ ತಂದು 1882ರ ಈಸ್‌ಮೆಂಟ್ಸ್ ಕಾಯ್ದೆಯ 7ನೇ ಸೆಕ್ಷನ್ನಿನಲ್ಲಿ ಉದಾಹರಣೆ ಸಮೇತ ಬರೆದಿಟ್ಟರು. ಆಮೇಲೆ ನಮ್ಮ ರಾಜ್ಯದಲ್ಲಿ 2011ರ ಅಂತರ್ಜಲ ಕಾಯ್ದೆ ಬಂತು. ಬಂತು ಅಷ್ಟೇ. ನೆಲ ಇಲ್ಲದವನಿಗೆ ನೆಲದಡಿಯೂ ಇಲ್ಲ. ಎರಡು ಎಕರೆ ಇರೋನಿಗೆ ಲೋಟ ಇದೆ, ಸ್ಟ್ರಾ ಗಿಡ್ಡ.

ಈಗ 1927ಕ್ಕೆ ಬರೋಣ. ಇದು ಪೂರ್ತಿ ನನ್ನ ಹುಚ್ಚು, ನಿರ್ದೇಶಕನಿಗೂ ಇದಕ್ಕೂ ಸಂಬಂಧ ಇಲ್ಲ. ಆದರೆ ಬುಟ್ಟಿ ಕಂಡರೆ ಮೋಶೆ ಅನ್ನೋಕೆ ಅವರಿಗೆ ಸ್ವಾತಂತ್ರ್ಯ ಇದ್ದರೆ ನನಗೂ ಇರಬೇಕಲ್ವಾ?

ಸಿನಿಮಾದ ಕೊನೆ ಸೀನು 1927. ಸಿನಿಮಾಕ್ಕೆ ಆಧಾರವಾದ ಅಪ್ಟನ್ ಸಿಂಕ್ಲೇರ್‌ನ ಕಾದಂಬರಿ 'ಆಯಿಲ್!' ಬಂದಿದ್ದು 1927. ಡೊಹೆನಿಯ ಎಲ್ಕ್ ಹಿಲ್ಸ್ ಗುತ್ತಿಗೆ ಮೋಸದ್ದು, ಅದು ರದ್ದು ಅಂತ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು 1927ರ ಫೆಬ್ರವರಿ 28. ಅಲ್ಲಿಂದ ಮೂರು ವಾರಕ್ಕೆ, 1927ರ ಮಾರ್ಚ್ 20ಕ್ಕೆ, ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದರು.

ಮೈ ಜುಂ ಅನ್ನಲ್ವಾ?

ಆ ಕೆರೆ ನೆಲದಡಿ ಅಡಗಿರಲಿಲ್ಲ. ಊರ ನಡುವೆ, ಆಕಾಶದ ಕೆಳಗೆ, ಎಲ್ಲರ ಕಣ್ಣೆದುರಿಗೇ ಇತ್ತು. ನಿಜವಾದ ಪ್ಲೇನ್ ವ್ಯೂ ಅಂದ್ರೆ ಅದು. ಕಾನೂನೂ ನಮ್ಮ ಕಡೆಗೇ ಇತ್ತು. 1923ರಲ್ಲೇ ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಮುಕ್ತ ಅಂತ ಬಾಂಬೆ ವಿಧಾನ ಪರಿಷತ್ತು ನಿರ್ಣಯ ಮಾಡಿತ್ತು, 1924ರಲ್ಲಿ ಮಹಾಡ್ ಪುರಸಭೆಯೂ ಒಪ್ಪಿತ್ತು. ಸ್ಟ್ರಾ ಬೇಕಿರಲಿಲ್ಲ, ಕೊರೆಯೋ ಯಂತ್ರ ಬೇಕಿರಲಿಲ್ಲ, ಎರಡು ಕೈ ಸಾಕಿತ್ತು. ದನ ಕುಡೀತಿದ್ದವು. ನಾವು ಮುಟ್ಟೋ ಹಾಗಿರಲಿಲ್ಲ. ಡೇನಿಯಲ್ ಪ್ಲೇನ್‌ವ್ಯೂ ಇನ್ನೊಬ್ಬನ ಪಾಲು ಕದ್ದು ಕುಡಿದ, ಸರಿ, ಅವನು ಕೆಟ್ಟವನು. ಆದರೆ ಈಲೈ ಮುಟ್ಟಿದರೆ ಎಣ್ಣೆ ಮೈಲಿಗೆ ಆಗುತ್ತೆ ಅನ್ನೋ ಐಡಿಯಾ ಅವನ ತಲೆಗೂ ಹೊಳೆದಿರಲಿಲ್ಲ. ಅದಕ್ಕೆ ಬೇರೆಯೇ ಪ್ರತಿಭೆ ಬೇಕು.

ನಮ್ಮವರು ನೀರು ಕುಡಿದ ಮೇಲೆ ಹೊಡೆದರು. ಆಮೇಲೆ ಕೆರೆಯನ್ನ ಶುದ್ಧಿ ಮಾಡಿದರು. ಹೇಗೆ? 108 ಗಡಿಗೆ ನೀರು ತೆಗೆದು, ಅದಕ್ಕೆ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ, ಮಂತ್ರ ಹೇಳಿ ವಾಪಸ್ ಕೆರೆಗೆ ಸುರಿದರು.

ಹಾಲಿವುಡ್ಡಿನವರಿಗೆ ಹೇಳಿ, ಮಿಲ್ಕ್‌ಶೇಕ್ ಅಂದ್ರೆ ಇದು.

ಅಷ್ಟಕ್ಕೂ ಸುಮ್ಮನಾಗಲಿಲ್ಲ, ಕೆರೆ ಖಾಸಗಿ ಆಸ್ತಿ ಅಂತ ಕೋರ್ಟಿಗೆ ಹೋದರು. ನೋಡಿ, ಕೊನೆಗೆ ಆ ಕಡೆಯವರೂ ಹಿಡಿದಿದ್ದು ಡೊಹೆನಿ ದಾರಿಯನ್ನೇ: ಸಾರ್ವಜನಿಕರದ್ದನ್ನ ನಮ್ಮದು ಅನ್ನೋದು. ಬಾಂಬೆ ಹೈಕೋರ್ಟಿನ ತೀರ್ಪು ಬಾಬಾಸಾಹೇಬರ ಪರ ಬರೋದಕ್ಕೆ 1937ರ ಮಾರ್ಚ್ ತನಕ, ಹತ್ತು ವರ್ಷ ಕಾಯಬೇಕಾಯ್ತು. ಒಂದು ಬೊಗಸೆ ನೀರಿಗೆ ಹತ್ತು ವರ್ಷದ ಕೇಸು.

ಇನ್ನು ನನಗೆ ತುಂಬಾ ಹಿಡಿಸಿದ ಅಭಿಮಾನಿ ಥಿಯರಿ ವಿಷಯ. ಸಿನಿಮಾದ ಶುರುವಿನ ಭಾಗದಲ್ಲಿ ಪಾಲ್ ಸಂಡೇ ಅಂತ ಒಬ್ಬ ಹುಡುಗ ಬರ್ತಾನೆ, ನಮ್ಮ ಜಮೀನಿನಲ್ಲಿ ಎಣ್ಣೆ ಇದೆ ಅಂತ ಡೇನಿಯಲ್‌ಗೆ ಸುಳಿವು ಮಾರಿ, ದುಡ್ಡು ಇಸ್ಕೊಂಡು ಹೋಗ್ತಾನೆ. ಮತ್ತೆ ಬರೋದೇ ಇಲ್ಲ. ಆಮೇಲೆ ಬರೋ ಪ್ರವಾದಿ ಈಲೈ, ಪಾಲ್‌ನ ತಮ್ಮನೋ ಅಣ್ಣನೋ, ನೋಡೋಕೆ ಒಂದೇ ಥರ. ಎರಡೂ ಪಾತ್ರ ಮಾಡಿರೋದು ಪಾಲ್ ಡೇನೋ ಅನ್ನೋ ಒಬ್ಬನೇ ನಟ. ಅಲ್ಲಿಂದ ಶುರುವಾಯ್ತು ವಾದ: ಪಾಲ್ ಅನ್ನೋನು ಇಲ್ಲವೇ ಇಲ್ಲ, ಈಲೈಗೇ ಎರಡು ವ್ಯಕ್ತಿತ್ವ, ಅವನೇ ತನ್ನ ಮನೆ ಮಾರಿಕೊಂಡು ಮರೆತಿದ್ದಾನೆ! ನಿಜ ಏನು ಅಂದ್ರೆ, ಈಲೈ ಪಾತ್ರಕ್ಕೆ ಮೊದಲು ಬೇರೆ ನಟ ಇದ್ದ, ಶೂಟಿಂಗ್ ಶುರುವಾದ ಮೇಲೆ ಅವನನ್ನ ಬದಲಾಯಿಸಿದರು, ಪಾಲ್ ಮಾಡ್ತಿದ್ದವನಿಗೇ ಈಲೈಯನ್ನೂ ಕೊಟ್ಟರು. ಅವಳಿ ಆಗಿದ್ದು ಹಾಗೆ. ಜೋಕು ಅಲ್ಲಿಗೆ ಮುಗೀಬೇಕಿತ್ತು.

ಆದರೆ ಕಾದಂಬರಿ ಓದಿದವರಿಗೆ ಬೇರೆ ಕಾಣುತ್ತೆ. ಸಿಂಕ್ಲೇರ್‌ನ ಪುಸ್ತಕದಲ್ಲಿ ಪಾಲ್ ಮುಖ್ಯ ಪಾತ್ರ. ಎಣ್ಣೆ ಬಾವಿಯ ಕೂಲಿಗಳನ್ನ ಸಂಘಟಿಸೋನು ಅವನು. ಮುಷ್ಕರ ಮಾಡ್ತಾನೆ, ಜೈಲಿಗೆ ಹೋಗ್ತಾನೆ, ಕೊನೆಗೆ ಏಟು ತಿಂದು ಸಾಯ್ತಾನೆ. ಧಣಿಯ ಮಗನ ಮನಸ್ಸು ಕೂಲಿಗಳ ಕಡೆ ತಿರುಗೋದೇ ಅವನಿಂದ. ಆಂಡರ್ಸನ್ ತಗೊಂಡಿದ್ದು ಆ ದಪ್ಪ ಪುಸ್ತಕದ ಮೊದಲ ನೂರೈವತ್ತು ಪುಟದಷ್ಟನ್ನ. ಮುಷ್ಕರ ಹೋಯ್ತು, ಯೂನಿಯನ್ ಹೋಯ್ತು, ಪಾಲ್ ಹೋದ. ಉಳಿದಿದ್ದು ಧಣಿ ಮತ್ತು ಪೂಜಾರಿ, ಇಬ್ಬರ ಜಗಳ. ಅಲ್ಲಿ ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ ಅನ್ನೋದನ್ನ ದೊಡ್ಡ ದೊಡ್ಡ ವಿಮರ್ಶೆ ಬರೆದವರಿಗಿಂತ ಈ ತಮಾಷೆ ಹುಡುಗರು ಚೆನ್ನಾಗಿ ಹಿಡಿದರು. ಪಾಲ್ ಎಲ್ಲಿ? ಪಾಲ್ ಇದ್ದನಾ? ಅಂತ ವರ್ಷಗಟ್ಟಲೆ ಕೇಳಿದರು. ಉತ್ತರ ಡಬಲ್ ಪರ್ಸನಾಲಿಟಿ ಅಲ್ಲ. ಅವನು ಕೂಲಿ ಸಂಘದವನು, ಅದಕ್ಕೇ ಇಲ್ಲ. ಸಿನಿಮಾದಲ್ಲಿ ಕೂಲಿಗಳು ಸಾಯೋದಕ್ಕೆ ಬರ್ತಾರೆ. ಒಬ್ಬ ಬಾವಿಯೊಳಗೆ ಸಾಯ್ತಾನೆ, ಅವನ ಮಗುವನ್ನ ಡೇನಿಯಲ್ ಎತ್ಕೋತಾನೆ, ಆ ಮಗುವಿನ ಮುಖ ತೋರಿಸಿಕೊಂಡು ಜಮೀನು ವ್ಯಾಪಾರ ಮಾಡ್ತಾನೆ. ಇನ್ನೊಬ್ಬ ಸಾಯ್ತಾನೆ, ಹೂಳ್ತಾರೆ. ಕ್ಯಾಲಿಫೋರ್ನಿಯಾದ ಆ ನೆಲ ಮೊದಲು ಯಾರದ್ದಾಗಿತ್ತೋ ಆ ಮೂಲನಿವಾಸಿಗಳಲ್ಲಿ ಮಾತಾಡೋ ಪಾತ್ರ ಒಂದೂ ಇಲ್ಲ. (ಅದೇ ಕಾಲದ ಒಸೇಜ್ ಜನರ ಕತೆ ಬೇಕಾದರೆ 2023ರ 'ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್' ನೋಡಿ. ಅಲ್ಲಿ ನೆಲದಡಿಯ ಎಣ್ಣೆ ಕಾನೂನು ಪ್ರಕಾರ ಅವರದ್ದೇ. ಅದಕ್ಕೆ ಸ್ಟ್ರಾ ಬದಲು ಮದುವೆ ಮತ್ತು ವಿಷ.)

ಈ ಸಿಂಕ್ಲೇರ್ ಯಾರು ಅಂತ ನಮ್ಮ ಹುಡುಗರಿಗೆ ಗೊತ್ತಾಗಬೇಕು. 1923ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೋದಲ್ಲಿ ಬಂದರಿನ ಕೂಲಿಗಳು ಮುಷ್ಕರ ಮಾಡ್ತಿದ್ದರು, ಸಭೆ ಮಾಡೋಕೆ ಪೊಲೀಸರು ಬಿಡ್ತಿರಲಿಲ್ಲ. ಈತ ಹೋಗಿ ನಿಂತು ಅಮೆರಿಕದ ಸಂವಿಧಾನದ ಮಾತು ಸ್ವಾತಂತ್ರ್ಯದ ಭಾಗವನ್ನ ಜೋರಾಗಿ ಓದಿದ. ಅರೆಸ್ಟ್ ಮಾಡಿದರು. ಸಂವಿಧಾನ ಓದಿದ್ದಕ್ಕೆ ಅರೆಸ್ಟು. ಸಂವಿಧಾನದ ಪೀಠಿಕೆ ಓದಿಸೋ ಕಾರ್ಯಕ್ರಮಕ್ಕೆ ಪರ್ಮಿಶನ್ ಕೇಳೋಕೆ ಅಲೆದಿರೋ ಗೆಳೆಯರು ಸ್ವಲ್ಪ ನಕ್ಕುಬಿಡಿ. ಆಮೇಲೆ 1927ರಲ್ಲಿ 'ಆಯಿಲ್!' ಬಂದಾಗ ಅಶ್ಲೀಲ ಅಂತ ಬಾಸ್ಟನ್ ನಗರದಲ್ಲಿ ನಿಷೇಧ ಆಯ್ತು. ಆತ ಆಕ್ಷೇಪ ಬಂದ ಪುಟಗಳ ಮೇಲೆ ಅಂಜೂರದ ಎಲೆಯ ಚಿತ್ರ ಅಚ್ಚು ಹಾಕಿಸಿ, ತಾನೂ ಎಲೆ ಆಕಾರದ ಬೋರ್ಡು ತಗಲಿಸಿಕೊಂಡು ಬಾಸ್ಟನ್ ಬೀದಿಯಲ್ಲೇ ನಿಂತು ಮಾರಿದ. ಸಿನಿಮಾದಲ್ಲಿ ಎಣ್ಣೆ ಸಿಗೋ ಊರಿನ ಹೆಸರು ಲಿಟಲ್ ಬಾಸ್ಟನ್. ಇದು ಬೇಕು ಅಂತ ಇಟ್ಟಿದ್ದೋ ಇಲ್ವೋ, ನನ್ನ ಥಿಯರಿ ಲಿಸ್ಟಿಗೆ ಸೇರಿಸ್ಕೊಂಡಿದೀನಿ.

ಹೊಟ್ಟೆಕಿಚ್ಚು ಅಂದೆನಲ್ಲ, ಅದು ಈಗ.

ಅಮೆರಿಕದ ಹುಡುಗ ಒಬ್ಬ ಎಣ್ಣೆ ಸಿನಿಮಾದಲ್ಲಿ ಡ್ರಾಕುಲಾ ಕಾಣ್ತಾನೆ, ಬುಷ್ ಕಾಣ್ತಾನೆ, ಮೋಶೆ ಕಾಣ್ತಾನೆ. ಎಲ್ಲರೂ ಎಷ್ಟು ಕ್ರಿಯೇಟಿವ್ ಅಂತಾರೆ. ನಮ್ಮ ಸಿನಿಮಾ ಗೆಳೆಯರೂ ಅದನ್ನ ಶೇರ್ ಮಾಡ್ತಾರೆ. ಅದೇ ನಾವು 'ಪರಿಯೇರುಂ ಪೆರುಮಾಳ್' ಕೊನೆಯಲ್ಲಿ ಪಕ್ಕ ಪಕ್ಕ ಇರೋ ಎರಡು ಟೀ ಲೋಟದ ಬಗ್ಗೆ ಬರೆದರೆ, 'ಲೋಟ ಬರೀ ಲೋಟ ಆಗಿರಬಾರದಾ?' ಅಂತ ಕೇಳ್ತಾರೆ. ಹೋಟೆಲಲ್ಲಿ ನಮಗೆ ಅಂತ ಬೇರೆ ಲೋಟ ಇಟ್ಟಿದ್ದ ನಾಡಿನಲ್ಲಿ ಈ ಪ್ರಶ್ನೆ! 'ಫ್ಯಾಂಡ್ರಿ'ಯಲ್ಲಿ ಜಬ್ಯಾ ಎಸೆದ ಕಲ್ಲು ನೇರ ನಮ್ಮ ಮುಖಕ್ಕೇ ಬರುತ್ತೆ, ನೋಡೋರ ಕಡೆಗೇ ಎಸೆದಿದ್ದಾನೆ ಅಂತ ಹೇಳಿದರೆ 'ಯಾಕಣ್ಣ ಎಲ್ಲದರಲ್ಲೂ ಜಾತಿ ಹುಡುಕ್ತೀರ' ಅಂತಾರೆ. 'ಕಾಲಾ'ದ ಕೊನೆಯಲ್ಲಿ ಪರದೆ ತುಂಬಾ ಬರೋ ಕಪ್ಪು, ಕೆಂಪು, ನೀಲಿಯ ಬಗ್ಗೆ ಬರೆದರೆ 'ಮನರಂಜನೆಗೆ ವಿಷ ಬೆರೆಸ್ತೀರ' ಅಂತಾರೆ. ಹುಡುಕ್ತೀವಿ ಅಂತೆ! ಹುಡುಕೋದು ಡೇನಿಯಲ್ ಪ್ಲೇನ್‌ವ್ಯೂ ಕೆಲಸ, ಆಳದಲ್ಲಿರೋದನ್ನ. ನಮ್ಮದು ಚವದಾರ್ ಕೆರೆ ಥರ, ಮೇಲೇ ಇದೆ.

ಇನ್ನೊಂದು ಇದೆ. ನಮಗೆ ತಮಾಷೆಯನ್ನೂ ಕೊಟ್ಟಿಲ್ಲ ಇವರು. ದಲಿತ ಹೋರಾಟಗಾರ ಅಂದ್ರೆ ಕಣ್ಣೀರು ಹಾಕ್ಬೇಕು, ಇಲ್ಲ ಕೂಗಾಡಬೇಕು. ಒಂದು ಸಿನಿಮಾ ನೋಡಿ ಪಂಚಗವ್ಯದ ಮಿಲ್ಕ್‌ಶೇಕ್ ಅಂತ ಒಂದು ಮಾತು ಅಂದು ನಕ್ಕರೆ, ಕೂಡಲೇ ಸ್ಕ್ರೀನ್‌ಶಾಟ್ ತೆಗೀತಾರೆ, ಭಾವನೆಗೆ ಧಕ್ಕೆ ಅಂತಾರೆ. ಕಚೇರಿಯಲ್ಲೂ 'ಏನ್ ಸಾರ್, ಫೇಸ್‌ಬುಕ್ಕಲ್ಲಿ ಏನೇನೋ ಬರೀತೀರಂತೆ' ಅಂತ ಸಣ್ಣಗೆ ಶುರು ಮಾಡ್ತಾರೆ. ಈ ಪೋಸ್ಟಿಗೂ ಆಗುತ್ತೆ, ಗೊತ್ತು. ನಮ್ಮ ಕಡೆಯ ಹಿರಿಯರಲ್ಲೂ ಒಂದಿಬ್ಬರು ಫೋನ್ ಮಾಡಿ 'ಮಹಾಡ್ ವಿಷಯದಲ್ಲಿ ಜೋಕಾ?' ಅನ್ನಬಹುದು. ಅಣ್ಣಾ, ಕೆರೆಗೆ ಸಗಣಿ ಸುರಿದು ಶುದ್ಧ ಆಯ್ತು ಅಂದವರು ಗಂಭೀರವಾಗಿ ಇರಲಿ. ನಾವು ಯಾಕೆ ಇರಬೇಕು?

ನಮ್ಮ ಹುಡುಗರಿಗೆ ನಾನು ಹೇಳಿದ್ದು ಇಷ್ಟೇ. ಯಾವ ಸಿನಿಮಾ ಬೇಕಾದರೂ ನೋಡಿ, ಏನು ಬೇಕಾದರೂ ಅರ್ಥ ಹಚ್ಚಿ, ನಗಿ. ಅದರಲ್ಲಿ ಒಬ್ಬ ಹುಡುಗಿ, ಡಿಗ್ರಿ ಎರಡನೇ ವರ್ಷ, ಎದ್ದು ನಿಂತು ಒಂದು ಕೇಳಿದಳು. 'ಅಣ್ಣ, ಮೇರಿ ಅಂತ ಆ ಚಿಕ್ಕ ಹುಡುಗಿ ಇದಾಳಲ್ಲ, ಪ್ರಾರ್ಥನೆ ಮಾಡದಿದ್ರೆ ಅಪ್ಪ ಹೊಡೀತಾನೆ ಅಂತ ಬರುತ್ತಲ್ಲ, ಅವಳ ಬಗ್ಗೆ ಅಮೆರಿಕದವರು ಯಾವ ಥಿಯರಿನೂ ಮಾಡಿಲ್ವಾ?' ನಾನು ಇಷ್ಟೆಲ್ಲ ಬರೆದೆ, ಮೇರ‍ಿಯ ಹೆಸರು ಇಲ್ಲಿ ಬಂದಿದ್ದು ಇದೇ ಮೊದಲು, ನೋಡಿ. ಆ ಹುಡುಗಿಗೇ ಹೇಳಿದೀನಿ, ನೀನೇ ಒಂದು ಬರಿ, ನಾನು ಟ್ಯಾಗ್ ಮಾಡ್ತೀನಿ ಅಂತ.

ಮುಂದಿನ ಭಾನುವಾರ (ಸಂಡೇ, ಚರ್ಚಲ್ಲ) ಬೆಳಿಗ್ಗೆ ಹತ್ತಕ್ಕೆ ಅಂಬೇಡ್ಕರ್ ಭವನದಲ್ಲಿ 'ಫ್ಯಾಂಡ್ರಿ' ಹಾಕ್ತಿದೀವಿ. ಪ್ರೊಜೆಕ್ಟರ್ ಸಿಕ್ಕಿದೆ, ಸ್ಪೀಕರ್ ಇನ್ನೂ ಆಗಿಲ್ಲ, ಯಾರದ್ದಾದರೂ ಇದ್ದರೆ ಇನ್‌ಬಾಕ್ಸ್ ಮಾಡಿ. ಮಿಲ್ಕ್‌ಶೇಕ್ ಇರಲ್ಲ, ಮಜ್ಜಿಗೆ ಇರುತ್ತೆ. ಲೋಟ ಮನೆಯಿಂದಲೇ ತನ್ನಿ, ಪೇಪರ್ ಕಪ್ಪಿಗೆ ಈ ತಿಂಗಳು ದುಡ್ಡಿಲ್ಲ.

ಜೈಭೀಮ್.